ಸಿಲ್ವೆಸ್ಟರನ ಪಾಲಿನ ಪಾಯಸ

ನನ್ನ ಗಂಡ ಆಗಸ್ಟಿನ್ ಅಡುಗೆಯವರು. ಕುವೈತಿನ ಕಂಪನಿ ಮೆಸ್ಸುಗಳಲ್ಲಿ ಊರಿಗೆಲ್ಲ ಬಡಿಸಿದ ಮನುಷ್ಯ, ಹೊಸ ತೆನೆಯ ಮೊಂತಿ ಹಬ್ಬದ ದಿನ ಮಾತ್ರ ಸ್ವಂತ ಮನೆಯ ಪಾಯಸ ಮುಟ್ಟುವುದಿಲ್ಲ. ಬೈದು ನೋಡಿದೆ, ಅತ್ತು ನೋಡಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ!

ಕಾರಣ ಗೊತ್ತಿದ್ದೇ ಬೈಯುತ್ತಿದ್ದೆ. ಇರಾನ್-ಇರಾಕ್ ಯುದ್ಧದ ಕಾಲದಲ್ಲಿ ಇವರು ಸಿಮೆಂಟು ಸಾಗಿಸುವ ಹಡಗಿನಲ್ಲಿ ಅಡುಗೆಗಿದ್ದರು. ಆ ಹಡಗಿಗೇ ಎರಡು ಫಿರಂಗಿ ಕೂರಿಸಿ, ಎಣ್ಣೆ ಹಡಗುಗಳ ಸಾಲಿಗೆ ಕಾವಲಾಗಿ ಮುಂದೆ ಕಳಿಸಿದರು. ನೀರಿನಲ್ಲಿ ಬಾಂಬು ಇದ್ದರೆ ಮೊದಲು ಸಿಡಿಯುವುದು ಇವರ ಕೆಳಗೇ. ಅದೆಂಥ ಕಾವಲೋ, ದೇವರೇ! ಮುಂತುದಿಯಲ್ಲಿ ನಿಂತು ನೀರು ನೋಡುವ ಕೆಲಸ ಸಿಲ್ವೆಸ್ಟರನದು. ಅವನೂ ಇವರೂ ಒಂದೇ ಚರ್ಚಿನಲ್ಲಿ ಬೆಳೆದವರು.

ಆ ವರ್ಷ ಹಬ್ಬ ಕಳೆದ ಮೇಲೆ, ಚರ್ಚಿನಲ್ಲಿ ಆಶೀರ್ವದಿಸಿದ ತೆನೆ ಊರಿಂದ ಲಕೋಟೆಯಲ್ಲಿ ಬಂತು. ಅದರ ಹೊಸಕ್ಕಿಯನ್ನು ಪಾಯಸಕ್ಕೆ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕೂತು ತಿನ್ನುವುದು ನಮ್ಮ ಕ್ರಮ. ಹಡಗಿನಲ್ಲಿ ಮನೆಯವರೆಂದರೆ ಇವರಿಬ್ಬರೇ.

"ಇಲ್ಲಿಗೇ ತಾ ಮಾರಾಯ, ಹಸಿವಾಗ್ತಾ ಉಂಟು," ಎಂದು ಸಿಲ್ವೆಸ್ಟರ್ ಏಣಿಯ ಮೇಲಿನಿಂದ ಕೆಳಗಿನ ಅಡುಗೆಮನೆಗೆ ಕೂಗಿದನಂತೆ.

"ತೆನೆ ಪಾಯಸ ನಿಂತುಕೊಂಡು ತಿನ್ನುವುದಾ? ಡ್ಯೂಟಿ ಮುಗಿಸಿ ಬಾ, ಕೂತು ತಿನ್ನುವ," ಎಂದರಂತೆ ಇವರು.

ಅವನ ಡ್ಯೂಟಿ ಮುಗಿಯಲೇ ಇಲ್ಲ. ಹಡಗಿನ ಮುಂಭಾಗ ಸಿಡಿದಾಗ ಒಲೆಯ ಮೇಲಿನ ಪಾಯಸ ಇನ್ನೂ ಬಿಸಿಯಾಗಿತ್ತು. ಅಂದಿನಿಂದ ಇವರು ಅದನ್ನು ಬಾಯಿಗೆ ಇಟ್ಟವರಲ್ಲ.

ಈ ವರ್ಷ ಹಬ್ಬದ ಮಧ್ಯಾಹ್ನ ಮಗಳು ರಿಯೋನಾ ಇಲ್ಲೇ ಕುವೈತಿನ ಎಗೈಲಾದ ಮಾಲ್‌ನಿಂದ ಫೋನ್ ಮಾಡಿದಳು. ಅಲ್ಲಿನ ಬಟ್ಟೆ ಅಂಗಡಿಯಲ್ಲಿ ಅವಳ ಕೆಲಸ. "ಸಾರಿ ಮಮ್ಮಿ, ಫುಲ್ ರಶ್. ಬರ್ಲಿಕ್ಕೆ ಆಗುದಿಲ್ಲ. ಯು ಪೀಪಲ್ ಈಟ್."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಒಟ್ಟಿಗೆ ಕೂತು ತಿನ್ನದಿದ್ರೆ ಅದೆಂಥ ಹಬ್ಬ? ಡ್ಯೂಟಿ ಮುಗಿಸಿಯೇ ಬರ್ಲಿ, ಕಾಯುವ!" ಎಂದೆ.

ಇವರ ಮುಖ ಬಿಳಿಚಿಕೊಂಡಿತು. ಪಾಯಸವನ್ನು ಡಬ್ಬಿಗೆ ಸುರಿದು ಚಪ್ಪಲಿ ಮೆಟ್ಟಿದರು. "ಕಾಯುವುದು ಬೇಡ. ಯಲ್ಲಾ, ನಡಿ."

ಫಿಂಟಾಸಿನ ನಮ್ಮ ಮನೆಯಿಂದ ಟ್ಯಾಕ್ಸಿ ಹಿಡಿದು ಹೋದೆವು. ಅಂಗಡಿಯ ಹಿಂದೆ, ರಟ್ಟಿನ ಪೆಟ್ಟಿಗೆಗಳ ನಡುವೆ ಶಿಲುಬೆಯ ಗುರುತು ಮಾಡಿ ಮೂವರೂ ನಿಂತೇ ತಿಂದೆವು. ಹೌದು, ಇವರೂ ತಿಂದರು. ಅಪ್ಪ ತಿಂದದ್ದು ಕಂಡು ರಿಯೋನಾಳ ಕಣ್ಣು ತುಂಬಿತು. ಅವರ ಕೆನ್ನೆಗೆ ಮುತ್ತಿಟ್ಟು ಒಳಗೆ ಓಡಿದಳು.

ಇನ್ನು ಎಲ್ಲ ಸರಿಯಾಯಿತು ಎಂದುಕೊಂಡೆ. ಪೆದ್ದಿ ನಾನು! ಇವರು ಖಾಲಿ ಡಬ್ಬಿ ಹಿಡಿದು ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು.

"ನಿಂತು ತಿಂದ್ರೂ ಅದೇ ರುಚಿ, ಇನೆಜ್. ಒಂದು ಏಣಿ ಹತ್ತಿದ್ರೆ ಸಾಕಿತ್ತು ನಾನು. ಅವ ಹಸಿದುಕೊಂಡೇ ಹೋದ."