ಎಂಪಿ ಆಫೀಸಿಗೆ ನಿಂಬೆಹಣ್ಣು

ಆ ವರ್ಷ ಲಿಬಿಯಾದ ಮೇಲೆ ಅಮೆರಿಕದ ಬಾಂಬು ಬೀಳತೊಡಗಿದಾಗ ನನ್ನ ತಂಗಿ ಟ್ರಿಪೋಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಅದಕ್ಕೆ ಮೊದಲೇ ಭಾರತದವರನ್ನು ಕರೆದೊಯ್ಯಲು ಬಂದ ಹಡಗನ್ನು ಅವಳು ಹತ್ತಿರಲಿಲ್ಲ. ಹಸುಗೂಸುಗಳ ವಾರ್ಡ್ ಬಿಟ್ಟು ಹೇಗೆ ಬರಲಿ ಎಂದು ಉಳಿದುಬಿಟ್ಟಿದ್ದಳು. ನಾನು ಅಮೆರಿಕದ ಮನ್ರೋ ಎಂಬ ಊರಿನಲ್ಲಿ ಟಿವಿ ಮುಂದೆ. ಹತ್ತಿರದ ಮೆಟುಚೆನ್ ಸ್ಟೇಷನ್ನಿನಿಂದ ರೈಲು ಹಿಡಿದು ಹೋಗುತ್ತಿದ್ದ ನ್ಯೂಯಾರ್ಕಿನ ಬ್ಯಾಂಕ್ ಕೆಲಸ ಹೋಗಿತ್ತು, ಹಾಗಾಗಿ ಸಂಕಟಪಡಲು ಪುರುಸೊತ್ತೋ ಪುರುಸೊತ್ತು.

ಯುದ್ಧ ಸಾರಲು ಇಲ್ಲಿಯ ಸಂಸತ್ತು ಒಪ್ಪಬೇಕು ಎಂದು ಸಿಟಿಜನ್‌ಶಿಪ್ ಪರೀಕ್ಷೆಗೆ ಉರು ಹೊಡೆದಿದ್ದೆ. ಅದನ್ನು ನನ್ನ ಜೊತೆಗೇ ಇದ್ದ ಅಮ್ಮನ ಮುಂದೆ ಬಾಯಿಬಿಟ್ಟದ್ದೇ ತಪ್ಪಾಯಿತು.

"ಹಾಗಾದ್ರೆ ನಮ್ಮ ಎಂಪಿ ಹತ್ರ ಹೋಗೋಣ ನಡಿ. ಅವರೆಲ್ಲ ಸೇರಿ ಬೇಡ ಅಂತ ಕೈ ಎತ್ತಿದ್ರೆ ಮುಗೀತಲ್ಲ!"

ಮೈಸೂರಿನಲ್ಲಿ ಯಾವ ಕಷ್ಟ ಬಂದರೂ ಅಮ್ಮ ಬೆಳ್ಳಂಬೆಳಿಗ್ಗೆ ಎಮ್ಮೆಲ್ಲೆ ಮನೆ ಬಾಗಿಲಿಗೆ ಹೋಗಿ, ಕೈಗೊಂದು ನಿಂಬೆಹಣ್ಣು ಕೊಟ್ಟು, ಹೇಳಿಕೊಂಡು ಬರುತ್ತಿದ್ದವಳು. ದೊಡ್ಡವರನ್ನು ಬರಿಗೈಯಲ್ಲಿ ನೋಡಬಾರದು. ಇಲ್ಲಿ ಹಾಗೆಲ್ಲ ನಡೆಯಲ್ಲಮ್ಮ ಎಂದರೆ ಕೇಳಬೇಕಲ್ಲ. ರೇಷ್ಮೆ ಸೀರೆಯ ಮೇಲೆ ನನ್ನ ಹಳೇ ಜಾಕೆಟ್ ಹಾಕಿಕೊಂಡು ಕಾರಿನಲ್ಲಿ ಕೂತೇಬಿಟ್ಟಳು.

ಎಂಪಿ ವಾಷಿಂಗ್ಟನ್‌ನಲ್ಲಿದ್ದರು. ಅವರ ಆಫೀಸಿನ ಹುಡುಗಿ ಪಾಪ, ನಿಂಬೆಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಮಾತು ಪೂರ್ತಿ ಕೇಳಿದಳು. ಸಾಹೇಬರು ಈ ಯುದ್ಧದ ವಿರುದ್ಧ ಮತ ಹಾಕಬೇಕು ಎಂದೆ. ಅವಳು ತಡವರಿಸಿದಳು. ಮತಕ್ಕೆ ಹಾಕಿದ್ದರೆ ತಾನೇ ಮೇಡಂ, ಅಧ್ಯಕ್ಷರು ಸಂಸತ್ತಿನ ಒಪ್ಪಿಗೆ ಕೇಳಲೇ ಇಲ್ಲ, ಬಾಂಬು ಬಿದ್ದದ್ದನ್ನು ನಮ್ಮ ಸಾಹೇಬರೂ ಟಿವಿಯಲ್ಲೇ ನೋಡಿದರು ಎಂದಳು.

"ಏನಂತೆ?" ಅಮ್ಮ ನನ್ನ ತೋಳು ಜಗ್ಗಿದಳು.

"ಇವರನ್ನ ಯಾರೂ ಕೇಳೇ ಇಲ್ವಂತಮ್ಮ."

"ಮತ್ತೆ ಯಾರನ್ನ ಕೇಳಿದ್ರಂತೆ?"

ನನಗೆ ಮೈಯೆಲ್ಲ ಉರಿಯಿತು. ಹೇಳೋರಿಲ್ಲ ಕೇಳೋರಿಲ್ಲ ಎಂದು ಊರಲ್ಲಿ ಬೈಯುತ್ತಿದ್ದೆವು. ಅದನ್ನೇ ಇಲ್ಲಿ ಒಬ್ಬಳು ಕುರ್ಚಿ ಕೊಟ್ಟು, ನೀರು ಕೊಟ್ಟು, ವಿನಯದಿಂದ ಒಪ್ಪಿಕೊಂಡಿದ್ದಳು. ಇನ್ನು ಯಾರ ಹತ್ತಿರ ಜಗಳಕ್ಕೆ ಹೋಗುವುದು?

ಮನೆಗೆ ಬರುವಷ್ಟರಲ್ಲಿ ತಂಗಿಯ ಫೋನು. ಸ್ಪೀಕರಿಗೆ ಹಾಕಿದ್ದೇ ತಡ, ಅಮ್ಮ ಮುಂದೆ ಬಿದ್ದಳು.

"ದೊಡ್ಡವರಿಗೆ ಹೇಳಿ ಬಂದಿದೀವಿ ಮಗಳೇ. ಇನ್ನೇನೂ ಆಗಲ್ಲ, ಹೆದರ್ಬೇಡ."

"ನಿಜವಾಗ್ಲೂನಾ?" ಎಷ್ಟೋ ದಿನದ ಮೇಲೆ ಅವಳ ದನಿ ಹಗುರಾಗಿತ್ತು. "ಅಕ್ಕಾ, ಕೂಸುಗಳನ್ನೆಲ್ಲ ಬೇಸ್‌ಮೆಂಟಲ್ಲಿ ಇಟ್ಕೊಂಡಿದೀವಿ, ತುಂಬಾ ಥಂಡಿ ಕಣೇ. ಹಾಗಾದ್ರೆ ಇವತ್ತು ಮೇಲಿನ ವಾರ್ಡಿಗೆ ತಗೊಂಡು ಹೋಗ್ಲಾ?"

ಅಮ್ಮ ನನ್ನ ಮುಖ ನೋಡಿದಳು.

"ಬೇಡ ಕಣೇ," ಎಂದೆ. "ಕೆಳಗೇ ಇರಿ."