ಪಕ್ಕದ ಶೆಡ್ ಇಲ್ಲದ ಮಂಗಳ

ಪೀಣ್ಯದ ನಮ್ಮ ಶೆಡ್ಡಿನಲ್ಲಿದ್ದದ್ದು ಒಂದು ಲೇತ್, ಒಂದು ಡ್ರಿಲ್ಲಿಂಗ್ ಮಷಿನ್, ನಾನು ಮತ್ತು ನಮ್ಮ ಮನೆಯವರು. ಯುಗಾದಿಯಿಂದ ಈಚೆಗೆ ಹೇಳಿಕೊಳ್ಳುವಂಥ ಕೆಲಸವೇ ಬಂದಿರಲಿಲ್ಲ. ಲೇತ್ ಮಾರಿಬಿಡೋಣವೆಂದು ಅವರು ದಿನಾ ಅದೇ ರಾಗ ಎಳೆಯುತ್ತಿದ್ದರು. ಆಗ ಬಂದಳು ನೋಡಿ, ವೈಟ್‌ಫೀಲ್ಡಿನ ಒಂದು ಸಣ್ಣ ಕಂಪನಿಯ ಇಂಜಿನಿಯರ್ ಹುಡುಗಿ.

ಮಂಗಳ ಗ್ರಹದಲ್ಲಿ ಜನ ತಮ್ಮ ಕಾಲ ಮೇಲೆ ತಾವು ನಿಂತು ಬದುಕಲು ಎಷ್ಟು ಖರ್ಚಾದೀತೆಂದು ಅವರ ಕಂಪನಿ ಅಂದಾಜು ಮಾಡುತ್ತಿತ್ತಂತೆ. ಭೂಮಿಯಿಂದ ಒಂದು ನಟ್ಟು ತರಿಸಿದರೂ ಚಿನ್ನಕ್ಕಿಂತ ದುಬಾರಿ. ಎಲ್ಲವೂ ಅಲ್ಲೇ ತಯಾರಾಗಬೇಕು. ಅದಕ್ಕೇ ನಮಗೊಂದು ಪರೀಕ್ಷೆ. ನಾವಿಬ್ಬರೇ, ನಮ್ಮಲ್ಲಿರುವ ಸಾಮಾನಿನಿಂದಲೇ, ಆರು ದಿನದಲ್ಲಿ ನೀರಿನ ಪೈಪಿನ ಒಂದು ವಾಲ್ವ್ ಮಾಡಿಕೊಡಬೇಕು. ಹೊರಗಿನಿಂದ ಏನನ್ನೂ ತರುವಂತಿಲ್ಲ. ಗೆದ್ದರೆ ವರ್ಷವಿಡೀ ಕೆಲಸ. ನಮ್ಮವರು ನಕ್ಕರು. ಆ ನಗು ನೋಡಿಯೇ ನಾನು ಹಟಕ್ಕೆ ಬಿದ್ದು ಒಪ್ಪಿಕೊಂಡೆ.

ಪೀಣ್ಯದಲ್ಲಿ ಒಂದು ಸಾಮಾನನ್ನು ಒಬ್ಬರೇ ಪೂರ್ತಿ ಮಾಡುವ ಪದ್ಧತಿಯೇ ಇಲ್ಲ. ಲೇತ್ ಕೆಲಸ ಒಬ್ಬರದು, ಕಾಯಿಸಿ ಗಟ್ಟಿ ಮಾಡುವುದು ಇನ್ನೊಬ್ಬರದು, ಪಾಲಿಶ್ ಮತ್ತೊಬ್ಬರದು. ಆದರೂ ಐದನೇ ದಿನಕ್ಕೆ ವಾಲ್ವ್ ತಯಾರಾಯಿತು. ಏನು ಜಂಬ ನನಗೆ! ಸಂಜೆ, ಐದು ದಿನ ಮಾಡಿದ ಕೆಲಸವನ್ನೆಲ್ಲ ಆ ಹುಡುಗಿಗೆ ಕೊಡಲೆಂದು ಬರೆಯಲು ಕುಳಿತಾಗ ಕೈ ನಿಂತುಹೋಯಿತು. ವಾಲ್ವಿನ ಥ್ರೆಡ್, ಅಂದರೆ ತಿರುಪಿನ ಸುತ್ತು, ಸರಿಯಿದೆಯೇ ಎಂದು ನೋಡುವ ಗೇಜನ್ನು ಬೆಳಿಗ್ಗೆ ಪಕ್ಕದ ಶೆಡ್ಡಿನಿಂದ ತಂದಿದ್ದೆ. ಇಪ್ಪತ್ತು ವರ್ಷದಿಂದ ಹಾಗೇ ತರುತ್ತಿದ್ದವಳು. ಈ ಸಲವೂ ತಂದು, ನೋಡಿ, ಹಿಂದಿರುಗಿಸಿ, ಅವರ ಹತ್ತಿರ ಟೀ ಬೇರೆ ಕುಡಿದು ಬಂದಿದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

"ಸುಮ್ನಿರೇ, ಯಾರು ನೋಡಿದ್ರು?" ಎಂದರು ನಮ್ಮವರು.

ನನಗೆ ನನ್ನ ಮೇಲೇ ಮೈಯುರಿದುಹೋಯಿತು. ವಾಲ್ವನ್ನು ಗುಜರಿ ಡಬ್ಬಕ್ಕೆ ಎಸೆದು, ಆ ಹುಡುಗಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ, ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಮೊದಲು ಗೇಜನ್ನೇ ಮಾಡಬೇಕಿತ್ತು. ಗೇಜಿನ ಉಕ್ಕನ್ನು ಗಟ್ಟಿ ಮಾಡಲು ಕುಲುಮೆ ಬೇಕು. ಹಿತ್ತಲಲ್ಲಿದ್ದ ಇಟ್ಟಿಗೆ ಜೋಡಿಸಿ, ಇದ್ದಿಲು ಉರಿಸಿ ಕುಲುಮೆ ಕಟ್ಟಿದೆವು. ಬೈಯುತ್ತಲೇ ಗಾಳಿ ಊದಿದರು ನಮ್ಮವರು. ಸಾಲ ತಂದರೆ ಎರಡೇ ನಿಮಿಷದಲ್ಲಿ ಸಿಗುತ್ತಿದ್ದ ಗೇಜಿಗೆ ನಾಲ್ಕು ದಿನ ಹಿಡಿಯಿತು.

ಅದರಲ್ಲೇ ನೋಡಿ ಹೊಸ ವಾಲ್ವ್ ಮುಗಿಸುವಷ್ಟರಲ್ಲಿ ಗಡುವು ಎಂದೋ ಮೀರಿತ್ತು. ಆದರೂ ವಾಲ್ವ್, ಗೇಜ್ ಎರಡನ್ನೂ ಹಿಡಿದು ಮೆಟ್ರೋ ಹತ್ತಿ ವೈಟ್‌ಫೀಲ್ಡಿಗೆ ಹೋದೆ. ಹುಡುಗಿ ತಮ್ಮ ಖರ್ಚಿನ ಪಟ್ಟಿ ತೆಗೆದಳು. ಮಷಿನ್ ಇತ್ತು, ಕರೆಂಟ್ ಇತ್ತು, ಜನ ಇದ್ದರು. ಪಕ್ಕದ ಶೆಡ್ ಇರಲಿಲ್ಲ. ಹಾಗೆಂದು ನೇರವಾಗಿ ಹೇಳಿದೆ. ಅವಳು ಪೆನ್ ತೆಗೆದು ಪಟ್ಟಿಯ ಕೊನೆಗೆ 'ಗೇಜ್' ಎಂದು ಬರೆದುಕೊಂಡಳು.

"ನೀವು ಹೇಳ್ದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ ಅಕ್ಕ."

"ಅಲ್ಲಿಗೆ ಹೋದೋರಿಗೆ ಗೊತ್ತಾಗ್ತಿತ್ತು ಮೇಡಂ," ಎಂದೆ.

ಗಡುವು ಮೀರಿದ್ದರಿಂದ ವಾಲ್ವ್ ಕೆಲಸ ನಮಗೆ ಸಿಗಲಿಲ್ಲ. ಬದಲಿಗೆ ವರ್ಷವಿಡೀ ಗೇಜ್ ಮಾಡುವ ಕೆಲಸ ಕೊಟ್ಟಳು.