‘ವಾಸನೆ: ಇಲ್ಲ’ ಎಂದು ಬರೆದ ನಲವತ್ತೊಂದು ದಿನ

ಫೆಬ್ರವರಿ ಹನ್ನೊಂದು, ಬುಧವಾರ. ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಇವತ್ತು ಎರಡನೇ ಶಿಫ್ಟು, ಕಂಪನಿ ಬಸ್ಸಿಗೆ ಇನ್ನೂ ಹೊತ್ತಿದೆ.

ಇಪ್ಪತ್ತು ನಿಮಿಷದ ಹಿಂದೆ ನರಸಾಪುರದ ಈ ಬಾಡಿಗೆ ರೂಮಿನಲ್ಲಿ ನನ್ನ ಜೊತೆಗಾತಿ ಸವಿತಾ ಹಲ್ಲುಜ್ಜುತ್ತಾ, “ಏನೋ ವಾಸನೆ ಕಣೇ, ನಿಂಗೂ ಬಂತಾ?” ಎಂದು ಕೇಳಿದಳು. ನಾನು ಹೋಗಿ ಗ್ಯಾಸಿನ ರೆಗ್ಯುಲೇಟರ್ ಆಫ್ ಮಾಡಿದೆ. ಬಾಗಿಲು ತೆರೆದೆ, ಕಿಟಕಿ ತೆರೆದೆ. ಲೈಟಿನ ಸ್ವಿಚ್ಚಿನ ಕಡೆ ಹೋಗುತ್ತಿದ್ದ ಅವಳ ಕೈ ಹಿಡಿದು ಎಳೆದುಕೊಂಡು ಹೋಗಿ ಕೆಳಗಿನ ಮೆಟ್ಟಿಲ ಮೇಲೆ ನಿಲ್ಲಿಸಿದೆ. ಆಮೇಲೆ ಹುಡುಕಿದರೆ, ಬುಟ್ಟಿಯ ತಳದಲ್ಲಿ ಒಂದು ಈರುಳ್ಳಿ ಕೊಳೆತು ನೀರಾಗಿತ್ತು.

“ಒಂದು ಈರುಳ್ಳಿಗೆ ಇಷ್ಟು ಬಂದೋಬಸ್ತಾ?” ಎಂದಳು ಸವಿತಾ. ಬ್ರಷ್ಷು ಇನ್ನೂ ಬಾಯಲ್ಲೇ ಇತ್ತು.

ನೀವೂ ನಗಬಹುದು. ನಾನೇ ಮೂರು ಸಲ ನಕ್ಕೆ. ಆದರೆ ನಾನು ಯಾಕೆ ಹೀಗಾದೆ ಎಂದು ಹೇಳಬೇಕಾದರೆ ನಿಮ್ಮನ್ನು ಅತ್ತೆಯ ಮನೆಗೆ ಕರೆದುಕೊಂಡು ಹೋಗಬೇಕು, ನನ್ನ ಜಾಣತನದ ಒಂದು ರಿಜಿಸ್ಟರನ್ನೂ ತೋರಿಸಬೇಕು. ಎರಡನೆಯದು ನನಗೆ ಅಷ್ಟು ಇಷ್ಟವಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಕ್ಯಾಲನೂರಿನ ಕಡೆಯ ಒಂದು ಚಿಕ್ಕ ಹಳ್ಳಿಯಲ್ಲಿ ಅಪ್ಪನ ಅಕ್ಕನ ಮನೆಯಲ್ಲಿದ್ದೆ. ಅತ್ತೆ ಊರಿನ ಡೈರಿಯಲ್ಲಿ ಹಾಲು ಅಳೆದುಕೊಳ್ಳುತ್ತಿದ್ದರು. ಬೆಳಿಗ್ಗೆ, ಸಂಜೆ ಜನ ಕ್ಯಾನು ಹಿಡಿದು ಸಾಲು ನಿಲ್ಲುತ್ತಿದ್ದರು. ಅತ್ತೆ ಮುಚ್ಚಳ ತೆಗೆದು, ಬಗ್ಗಿ ಒಂದು ಸಲ ಮೂಸಿ, ಸರಿಯಿದ್ದರೆ ಸುರಿಸಿಕೊಳ್ಳುತ್ತಿದ್ದರು, ಹುಳಿ ವಾಸನೆ ಬಂದರೆ ವಾಪಸ್ ಕಳಿಸುತ್ತಿದ್ದರು. ಒಬ್ಬರ ಹುಳಿ ಹಾಲು ಬೆರೆತರೆ ಊರಿನವರೆಲ್ಲರ ಹಾಲೂ ಕೆಡುತ್ತದೆ. ಕೊಬ್ಬು ನೋಡುವ ಮಿಷನ್ನು ಆಮೇಲೆ ಬಂದದ್ದು, ಅದಕ್ಕೂ ಮೊದಲಿನಿಂದ ಅಲ್ಲಿದ್ದದ್ದು ಅತ್ತೆಯ ಮೂಗು. ಊರಿನಲ್ಲಿ ಅದಕ್ಕೊಂದು ಮರ್ಯಾದೆ ಇತ್ತು. ಮಾವ ಬೆಳಿಗ್ಗೆ ಹಿಪ್ಪುನೇರಳೆ ತೋಟಕ್ಕೆ ಹೋದರೆ ಮಧ್ಯಾಹ್ನಕ್ಕೇ ಬರುವುದು. ಏನು ಬಡಿಸಿದರೂ ಮಾತಾಡದೆ ಉಣ್ಣುವ ಮನುಷ್ಯ.

ನನ್ನದು ಫ್ಯಾಕ್ಟರಿಯಲ್ಲಿ ಲೈನಿನ ಕೊನೆಗೆ ಕೂತು ತಪ್ಪು ಹುಡುಕುವ ಕೆಲಸ. ಚೆಕ್ ಶೀಟಿನಲ್ಲಿ ಟಿಕ್ ಹಾಕುವುದು, ತಪ್ಪಿದ್ದರೆ ಕೆಂಪು ಸ್ಟಿಕ್ಕರ್ ಅಂಟಿಸುವುದು. ಲೆಕ್ಕ ಇಡುವ ಚಟ ಮಾತ್ರ ಫ್ಯಾಕ್ಟರಿ ಕೊಟ್ಟದ್ದಲ್ಲ. ಏಳನೇ ಕ್ಲಾಸಿನಲ್ಲೇ ನಾನು ಕೋಲಾರದ ಬಸ್ಸು ಎಷ್ಟು ನಿಮಿಷ ತಡ ಎಂದು ಬರೆದಿಡುತ್ತಿದ್ದೆ. ಬಸ್ಸು ಅದರಿಂದ ಬೇಗ ಬಂದದ್ದಿಲ್ಲ. ಆದರೂ ಬರೆದಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ ಎಂಬ ನಂಬಿಕೆ ನನಗೆ ಆಗಲೇ ಅಂಟಿಕೊಂಡಿತ್ತು.

ಅತ್ತೆಯ ಮನೆಯಲ್ಲಿ ಎರಡು ಒಲೆಯ ಗ್ಯಾಸ್ ಸ್ಟೌ. ಎಡಗಡೆಯ ಬರ್ನರ್ ದೊಡ್ಡದು, ಬಲಗಡೆಯದು ಚಿಕ್ಕದು. ನಾನು ಹೋದ ಎರಡನೇ ತಿಂಗಳಿಗೆ ಎಡಗಡೆಯ ಜ್ವಾಲೆ ಹಳದಿಯಾಯಿತು, ಪಾತ್ರೆಗಳ ತಳಕ್ಕೆ ಮಸಿ ಹತ್ತತೊಡಗಿತು. ನನಗೆ ಒಳಗೊಳಗೇ ಸಂತೋಷವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಮನೆಯಲ್ಲೇ ಒಂದು ತಪ್ಪು ಸಿಕ್ಕಿತ್ತು. ಅವತ್ತೇ ರಿಜಿಸ್ಟರಿನಲ್ಲಿ ಗೆರೆ ಹಾಕಿದೆ: ತಾರೀಖು, ಹೊತ್ತು, ಎಡ ಜ್ವಾಲೆಯ ಬಣ್ಣ, ಬಲ ಜ್ವಾಲೆಯ ಬಣ್ಣ, ಶಬ್ದ, ವಾಸನೆ.

ವಿಚಾರ ಮಾಡಿದ್ದರಲ್ಲಿ ತಪ್ಪೇನಿರಲಿಲ್ಲ. ಜ್ವಾಲೆ ನೀಲಿಯಿದ್ದರೆ ಗ್ಯಾಸಿಗೆ ಗಾಳಿ ಸರಿಯಾಗಿ ಬೆರೆಯುತ್ತಿದೆ ಎಂದು ಅರ್ಥ. ಹಳದಿಯಾದರೆ ಗಾಳಿ ಸಾಲದು. ಎರಡೂ ಒಲೆ ಸೊರಗಿದ್ದರೆ ಸಿಲಿಂಡರು, ರೆಗ್ಯುಲೇಟರು, ರಬ್ಬರ್ ಟ್ಯೂಬಿನ ಕಡೆ ನೋಡಬೇಕು. ಒಂದೇ ಸೊರಗಿದ್ದರೆ ಕಾಯಿಲೆ ಆ ಬರ್ನರಿನದೇ. ಇದನ್ನೆಲ್ಲ ನಾನು ಅತ್ತೆಗೆ ಕ್ಲಾಸು ತೆಗೆದುಕೊಂಡ ಹಾಗೆ ಹೇಳಿದೆ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ, ಅದಕ್ಕೆ ತನ್ನದೇ ವಾಸನೆಯಿಲ್ಲ, ನಮಗೆ ಗೊತ್ತಾಗಲೆಂದೇ ಆ ಕೆಟ್ಟ ವಾಸನೆ ಸೇರಿಸಿರುತ್ತಾರೆ ಎಂದೂ ಹೇಳಿದೆ.

“ನೆಲದ ಮೇಲಿರತ್ತಾ? ಹಂಗಾದ್ರೆ ನಾನು ಕುಳ್ಳಿ, ಮೊದ್ಲು ನಂಗೇ ಗೊತ್ತಾಗತ್ತೆ ಬಿಡು,” ಎಂದರು ಅತ್ತೆ. ಇಬ್ಬರೂ ನಕ್ಕೆವು. ಅವರ ನಗು ಸ್ವಲ್ಪ ಬೇಗ ಮುಗಿಯಿತು. ಅದನ್ನು ಬರೆದುಕೊಳ್ಳಲು ನನ್ನ ರಿಜಿಸ್ಟರಿನಲ್ಲಿ ಜಾಗ ಇರಲಿಲ್ಲ.

ಮೊದಲ ವಾರ ಪಿನ್ನು ಹಾಕಿ ಬರ್ನರಿನ ತೂತು ಚುಚ್ಚಿದೆ. ಎರಡು ದಿನ ನೀಲಿ, ಮತ್ತೆ ಹಳದಿ. ಎರಡನೇ ವಾರ ಬರ್ನರಿನ ಹಿತ್ತಾಳೆ ತಟ್ಟೆಯನ್ನು ಹುಣಸೆ ನೀರಿನಲ್ಲಿ ನೆನೆಹಾಕಿ ಉಜ್ಜಿದೆ. ಮೂರು ದಿನ ನೀಲಿ, ಮತ್ತೆ ಹಳದಿ. ಆಮೇಲೆ ಫ್ಯಾಕ್ಟರಿಯ ಬುದ್ಧಿ ಓಡಿತು. ಎರಡು ಮಿಷನ್ನಿನ ಭಾಗ ಅದಲುಬದಲು ಮಾಡಿದರೆ, ತಪ್ಪು ಭಾಗದ ಜೊತೆ ಹೋಗುತ್ತದೋ ಅಲ್ಲೇ ಉಳಿಯುತ್ತದೋ ಗೊತ್ತಾಗುತ್ತದೆ. ಹಾಗಾಗಿ ಚಿಕ್ಕ ತಟ್ಟೆಯನ್ನು ದೊಡ್ಡ ಬರ್ನರಿಗೆ ಇಟ್ಟು ಹಚ್ಚಿದೆ. ತಟ್ಟೆ ಸರಿಯಾಗಿ ಕೂರದೆ ಬೆಂಕಿ ಒಳಗೆ ಓಡಿತು. ಟಪ್ ಎಂದು ಸದ್ದಾಗಿ ನನ್ನ ಬಲಹುಬ್ಬಿನ ಕಾಲು ಭಾಗ ಹೋಯಿತು. ಶಬ್ದದ ಕಾಲಮ್ಮಿನಲ್ಲಿ ‘ಟಪ್, ಒಂದು’ ಎಂದು ಬರೆದೆ.

ಅತ್ತೆ ಕನ್ನಡಿ ತಂದು ನನ್ನ ಮುಂದೆ ಹಿಡಿದರು. “ನಿಮ್ಮ ಕಂಪನೀಲೂ ಹಿಂಗೇ ಪರೀಕ್ಷೆ ಮಾಡ್ತೀರೇನೇ? ಎಷ್ಟು ಜನಕ್ಕೆ ಹುಬ್ಬಿದೆ ಅಲ್ಲಿ?”

ಈಗ ವಾಸನೆಯ ಕಾಲಮ್ಮಿಗೆ ಬರೋಣ. ಆಗ ನನ್ನದು ಮೊದಲ ಶಿಫ್ಟು, ಬೆಳಿಗ್ಗೆ ಐದಕ್ಕೇ ಮನೆ ಬಿಡುತ್ತಿದ್ದೆ, ಅಡುಗೆ ಮಾಡುವವರು ಅತ್ತೆ. ಆದ್ದರಿಂದ ದಿನಾ ಸಂಜೆ ಪೆನ್ನು ಹಿಡಿದು ಕೇಳುತ್ತಿದ್ದೆ: “ಅತ್ತೆ, ಇವತ್ತು ವಾಸನೆ?” ಅವರು, “ಇಲ್ಲ ಕಣೇ,” ಎನ್ನುತ್ತಿದ್ದರು. ನಾನು ‘ಇಲ್ಲ’ ಎಂದು ಬರೆಯುತ್ತಿದ್ದೆ. ನಲವತ್ತೊಂದು ದಿನ, ನಲವತ್ತೊಂದು ‘ಇಲ್ಲ’. ಅವುಗಳಲ್ಲಿ ಎರಡರ ಪಕ್ಕದಲ್ಲಿ, ಚಿಕ್ಕ ಅಕ್ಷರದಲ್ಲಿ, ನನ್ನ ಕೈಯಲ್ಲೇ ಹೀಗೆ ಬರೆದಿದೆ: ‘ನನಗೆ ಬಂದಂತಾಯಿತು. ಅತ್ತೆಗೆ ಬರಲಿಲ್ಲ. ಆದ್ದರಿಂದ ಇಲ್ಲ.’ ಊರಿನ ಹಾಲನ್ನೆಲ್ಲ ಪಾಸು ಮಾಡುವ ಮೂಗಿನ ಮುಂದೆ, ದಿನವಿಡೀ ಮಾಸ್ಕ್ ಹಾಕಿಕೊಂಡಿರುವ ನನ್ನ ಮೂಗಿನದೇನು ಮಾತು?

ನಲವತ್ತೆರಡನೇ ದಿನ ನನಗೆ ವಾರದ ರಜೆ. ಅತ್ತೆ ಡೈರಿ ಮುಗಿಸಿ ಬಂದು ಎಡಗಡೆ ಒಲೆಯ ಮೇಲೆ ಹಾಲಿಟ್ಟಿದ್ದರು. ಕೋಲಾರದಿಂದ ಮೊಪೆಡ್ಡಿನಲ್ಲಿ ಹಳ್ಳಿ ಹಳ್ಳಿ ಸುತ್ತುವ ಸ್ಟೌ ರಿಪೇರಿಯ ಬಾಷಣ್ಣ ಬೀದಿಯಲ್ಲಿ ಕೂಗುತ್ತಾ ಬಂದರು. ಅತ್ತೆ ಹೊರಗೆ ಹೋಗಿ ಅವರನ್ನು ನಿಲ್ಲಿಸಿ, ನನ್ನ ಹುಬ್ಬಿನ ಕತೆ ಹೇಳುತ್ತಾ ನಿಂತರು. ನಾನು ಜಗುಲಿಯಲ್ಲಿ ಕೂತು ರಿಜಿಸ್ಟರಿಗೆ ಹೊಸ ಪುಟದ ಗೆರೆ ಹಾಕುತ್ತಿದ್ದೆ. ಒಳಗಿನಿಂದ ಸಣ್ಣಗೆ ವಾಸನೆ ಬಂತು. ನಾನು ಏನು ಮಾಡಿದೆ ಎಂದು ಊಹಿಸಬೇಡಿ, ಪುಟದಲ್ಲೇ ಇದೆ: ‘10.20. ವಾಸನೆ? ಅತ್ತೆಯನ್ನು ಕೇಳಬೇಕು.’

ಕೇಳುವಷ್ಟರಲ್ಲಿ ಅತ್ತೆ ಒಳಗೆ ಹೋಗಿದ್ದರು. ಹಿಂದೆಯೇ ಬಾಷಣ್ಣ. ಹೊಸ್ತಿಲಿನಲ್ಲಿ ಅವರು ನಿಂತುಬಿಟ್ಟರು.

“ಅಮ್ಮಾ, ಹಂಗೇ ನಿಂತ್ಕೊಳ್ಳಿ.”

ಅವರ ದನಿ ಏರಲಿಲ್ಲ. ಅದಕ್ಕೇ ನಾನು ತಲೆಯೆತ್ತಿ ನೋಡಿದ್ದು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಜ್ವಾಲೆ ಆರಿತ್ತು. ಅತ್ತೆ ಒಂದು ಕೈಯಲ್ಲಿ ಬಟ್ಟೆಯಿಂದ ಹಾಲು ಒರೆಸುತ್ತಾ, ಇನ್ನೊಂದು ಕೈಯಲ್ಲಿ ಲೈಟರ್ ಹಿಡಿದು ಬರ್ನರಿನ ಹತ್ತಿರ ತಂದಿದ್ದರು.

“ಲೈಟರ್ ಒತ್ಬೇಡಿ. ಹಂಗೇ ಹಿಡ್ಕೊಂಡು ಹೊರಗೆ ಬನ್ನಿ. ಸ್ವಿಚ್ಚು ಹಾಕೋದೂ ಬೇಡ, ಆರಿಸೋದೂ ಬೇಡ.”

“ಯಾಕಪ್ಪಾ, ಏನಾಯ್ತು?” ಎಂದು ಅತ್ತೆ ನಿಜವಾಗಿಯೂ ಕೇಳಿದರು.

ಬಾಷಣ್ಣ ನಾಬ್ ತಿರುಗಿಸಿದರು, ರೆಗ್ಯುಲೇಟರ್ ಆಫ್ ಮಾಡಿದರು, ಹಿಂದಿನ ಬಾಗಿಲು ತೆರೆದರು. ನಮ್ಮನ್ನು ಹುಣಸೆ ಮರದವರೆಗೆ ಕಳಿಸಿ ತಾವೂ ಬಂದು ನಿಂತರು. ಮನೆಗೆ ಗಾಳಿಯಾಡಿದ ಮೇಲೆ ಒಳಗೆ ಹೋಗಿ, ಸೋಪಿನ ನೊರೆ ಹಚ್ಚಿ ಟ್ಯೂಬು ನೋಡಿದರು. ಗುಳ್ಳೆ ಏಳಲಿಲ್ಲ, ಟ್ಯೂಬಿನದು ತಪ್ಪಿರಲಿಲ್ಲ. ಎಡಗಡೆಯ ಬರ್ನರ್ ಬಿಚ್ಚಿ ತಲೆಕೆಳಗು ಮಾಡಿ ತಟ್ಟಿದರೆ ಕರಿ ಹುಡಿ ಉದುರಿತು. ಸುಟ್ಟ ಹಾಲು. ಗ್ಯಾಸು ಚಿಮ್ಮುವ ಸಣ್ಣ ಜೆಟ್ಟಿನ ಮೇಲೂ ಅದೇ. ನಾನು ಮೇಲಿನ ತೂತು ಚುಚ್ಚುತ್ತಿದ್ದೆ, ಕೆಳಗಿನ ಕೊಳವೆ ದಿನಾ ಕಟ್ಟಿಕೊಳ್ಳುತ್ತಿತ್ತು. ಅವರು ಅದನ್ನು ಸರಿ ಮಾಡಲು ತೆಗೆದುಕೊಂಡದ್ದು ಹತ್ತು ನಿಮಿಷ.

“ಇಷ್ಟು ಹಾಲು ಹೆಂಗಮ್ಮಾ ಒಳಗೆ ಹೋಯ್ತು? ದಿನಾ ಉಕ್ಕಿಸ್ತೀರಾ? ಸೀದ ವಾಸನೆ ಬರಲ್ವಾ? ಇವತ್ತು ಗ್ಯಾಸು ನಂಗೆ ಬಾಗಿಲಲ್ಲೇ ಬಂತಲ್ಲ.”

ಅತ್ತೆಯ ಪರ ವಾದಿಸಲು ನಾನು ಮುಂದೆ ಬಂದೆ. ರಿಜಿಸ್ಟರ್ ತೆರೆದು ತೋರಿಸಿದೆ. “ನೋಡಿ ಬಾಷಣ್ಣ, ನಲವತ್ತೊಂದು ದಿನದಿಂದ ವಾಸನೆ ಇಲ್ಲ.”

ಅವರು ಕಾಲಮ್ಮಿನ ಮೇಲೆ ಬೆರಳಾಡಿಸಿದರು. “ಇದು ಯಾರ ಮೂಗಮ್ಮಾ, ನಿಂದಾ ಅವ್ರದಾ?”

ಆಗ ನಾನು ಅತ್ತೆಯ ಮುಖ ನೋಡಿದೆ. ಬಾಷಣ್ಣನೂ ನೋಡಿದರು, ಸಾಮಾನು ಕಟ್ಟಿಕೊಳ್ಳತೊಡಗಿದರು. “ಹಾಲಿಟ್ರೆ ಪಕ್ಕದಲ್ಲೇ ಕೂತ್ಕೊಳ್ಳಿ ಅಮ್ಮಾ. ಹೊರಗೆ ಹೋಗ್ಬೇಕಾದ್ರೆ ಆಫ್ ಮಾಡಿ ಹೋಗಿ,” ಎಂದಷ್ಟೇ ಹೇಳಿ ಹೊರಟರು.

ಅವರು ಹೋದ ಮೇಲೆ ಅತ್ತೆ ಹೇಳಿದರು. ನಾನು ಬರುವುದಕ್ಕೆ ಮುಂಚಿನ ವರ್ಷ ಒಂದು ಜ್ವರ ಬಂದಿತ್ತು. ಜ್ವರ ಬಿಟ್ಟಿತು, ವಾಸನೆ ತಿರುಗಿ ಬರಲಿಲ್ಲ. ಮಲ್ಲಿಗೆಯೂ ಇಲ್ಲ, ಸಗಣಿಯೂ ಇಲ್ಲ. ಡೈರಿಯಲ್ಲಿ ಬಗ್ಗಿ ಮೂಸುವುದು ಬರೀ ತೋರಿಕೆಗೆ. ಆಮೇಲೆ ಮುಚ್ಚಳದ ಹನಿಯನ್ನು ನಾಲಿಗೆಗೆ ಹಚ್ಚಿಕೊಂಡು ನೋಡುತ್ತಿದ್ದರು. “ಎಷ್ಟೊತ್ತಿಗೆ ಕರೆದೆ?” ಎಂದು ಕೇಳಿ ಹಾಲು ತಂದವರ ಮುಖ ನೋಡುತ್ತಿದ್ದರು. ಅದರಿಂದ ಎಷ್ಟು ಗೊತ್ತಾಗುತ್ತದೋ ಅಷ್ಟು.

“ಯಾರ್ಗೂ ಹೇಳ್ಬೇಡ ಕಣೇ. ಮೂಗಿಲ್ದೋಳು ಅಂತ ಗೊತ್ತಾದ್ರೆ ನನ್ನನ್ನ ಅಲ್ಲಿ ಯಾಕೆ ಕೂರಿಸ್ತಾರೆ? ಇಪ್ಪತ್ತು ವರ್ಷದಿಂದ ಆ ಬಾಗ್ಲು ತೆಗೀತಿದೀನಿ.”

“ಸ್ಟೌ ವಿಷ್ಯ ನಂಗಾದ್ರೂ ಹೇಳ್ಬಹುದಿತ್ತಲ್ಲ ಅತ್ತೆ.”

“ನೀನು ಕೇಳಿದ್ದು ಇವತ್ತು ವಾಸನೆ ಬಂತಾ ಅಂತ. ಬರ್ಲಿಲ್ಲ ಅಂದೆ. ಸುಳ್ಳು ಹೇಳಿದ್ನಾ?” ಎಂದವರು, ಬೇಸರವಾದಾಗ ಬರುವ ತೆಲುಗಿನಲ್ಲಿ, “ಪೋನೀಲೇ,” ಹೋಗಲಿ ಬಿಡು, ಎಂದು ಮಾತು ಕೈಬಿಟ್ಟರು.

ಅವತ್ತು ಮಧ್ಯಾಹ್ನ ನಾನು ರಿಜಿಸ್ಟರಲ್ಲದೆ ದಿನಾ ರಾತ್ರಿ ಬರೆಯುತ್ತಿದ್ದ ದಿನಚರಿಯನ್ನು ತಿರುವಿ ನೋಡಿದೆ. ಎಲ್ಲ ಇತ್ತು. ‘ಹಾಲು ಉಕ್ಕಿತು’ ಹದಿನಾಲ್ಕು ಸಲ. ‘ಒಗ್ಗರಣೆ ಸೀದಿತ್ತು’ ಒಂಬತ್ತು ಸಲ. ‘ಸಾರು ಹಳಸಿತ್ತು, ಅತ್ತೆಗೆ ಗೊತ್ತಾಗಲಿಲ್ಲ’ ಮೂರು ಸಲ. ಬೇರೆಯವರಾದರೆ ಸೀದ ವಾಸನೆಗೆ ಹಿತ್ತಲಿನಿಂದ ಓಡಿಬರುತ್ತಾರೆ, ಅತ್ತೆ ನೆನಪಾದಾಗ ಬರುತ್ತಿದ್ದರು. ಕಾಯಿಲೆ ಒಲೆಯದಾಗಿರಲಿಲ್ಲ. ನಾನು ಒಲೆಯನ್ನು ನಲವತ್ತೊಂದು ದಿನ ನೋಡಿದೆ, ಒಲೆಯ ಮುಂದೆ ನಿಂತವರನ್ನು ಒಂದು ದಿನವೂ ನೋಡಲಿಲ್ಲ.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಡೈರಿಗೆ ಬರುವ ಹಾಲಿನ ಗತಿ ಏನು ಎಂದು ಒಂದು ಸಲ ಕೇಳಿದೆ, ಅವರು ಪಾತ್ರೆ ತೊಳೆಯಲು ಎದ್ದು ಹೋದರು. ಮುಂದಿನ ಮೂರು ದಿನ ಅವರು ಹಾಲಿಟ್ಟು, ಸ್ಟೂಲು ಎಳೆದುಕೊಂಡು, ಅದನ್ನೇ ದಿಟ್ಟಿಸುತ್ತಾ ಕೂರುತ್ತಿದ್ದರು.

ನಾಲ್ಕನೇ ಸಂಜೆ ನಾನೂ ಡೈರಿಗೆ ಹೋಗಿದ್ದೆ. ಅತ್ತೆ ಒಂದು ಕ್ಯಾನಿನ ಮುಚ್ಚಳ ತೆಗೆದರು, ಬಗ್ಗಿದರು. ಎದ್ದು, ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸಿಗೆ ಹೇಳಿದರು: “ಲೇ, ಇದನ್ನ ನೀನು ಮೂಸಿ ಹೇಳೇ. ನಂಗೆ ವಾಸನೆ ಗೊತ್ತಾಗಲ್ಲ. ಜ್ವರ ಬಂದಾಗಿಂದ.”

ಆ ಕ್ಯಾನು ತಂದಿದ್ದ ಮುದುಕ, “ಹಂಗಾದ್ರೆ ಹೋದ ವರ್ಷ ನನ್ನ ಹಾಲು ವಾಪಸ್ ಕಳಿಸಿದ್ದು ಯಾವ ಮೂಗಲ್ಲಿ?” ಎಂದ.

“ನಿನ್ನ ಹಾಲಿಗೆ ಮೂಗು ಯಾಕೆ ತಾತ, ಕಣ್ಣು ಸಾಲ್ದಾ?” ಎಂದಳು ಹಿಂದಿನ ಹೆಂಗಸು. ಜನ ನಕ್ಕರು. ಅತ್ತೆ ನಗಲಿಲ್ಲ.

ಡೈರಿಯ ಕಾರ್ಯದರ್ಶಿ ಅವರನ್ನು ಒಳಗೆ ಕರೆದು ಬಹಳ ಹೊತ್ತು ಮಾತಾಡಿದರು. ಅಳತೆಯೂ ಮಿಷನ್ನೂ ಅತ್ತೆಯ ಕೈಯಲ್ಲೇ ಉಳಿದವು. ಮೂಸುವುದು ಮಾತ್ರ ಅವತ್ತಿನಿಂದ ಸಾಲಿನವರ ಕೆಲಸ, ಮುಂದಿನವರ ಕ್ಯಾನನ್ನು ಹಿಂದಿನವರು ನೋಡಬೇಕು. ಒಬ್ಬರ ಹಾಲಿನಲ್ಲಿ ಇನ್ನೊಬ್ಬರು ತಪ್ಪು ಹುಡುಕುವುದಕ್ಕೆ ನಮ್ಮ ಜನಕ್ಕೆ ತರಬೇತಿ ಬೇಕಾಗಲಿಲ್ಲ. ಮೊದಲ ವಾರವೇ ನಾಲ್ಕು ಕ್ಯಾನು ವಾಪಸ್ ಹೋದವು. ಹಿಂದಿನ ತಿಂಗಳು ಒಂದೂ ಹೋಗಿರಲಿಲ್ಲ. ಆ ಲೆಕ್ಕವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅತ್ತೆಯೇ ಹೇಳಿದರು, ಸೊಪ್ಪು ಬಿಡಿಸುತ್ತಾ, ನನ್ನ ಕಡೆ ನೋಡದೆ. “ನಾಲ್ಕು, ಅಲ್ವೇನೇ?”

ಈಗ ನಾನು ನರಸಾಪುರದಲ್ಲಿ, ಅವರು ಊರಿನಲ್ಲಿ. ಗ್ಯಾಸು ಸೋರಿದರೆ ಕೂಗುವ ಒಂದು ಅಲಾರಂ ತಂದು, ನೆಲದಿಂದ ಒಂದು ಗೇಣು ಮೇಲೆ ಗೋಡೆಗೆ ಹಾಕಿ ಬಂದಿದ್ದೇನೆ. ಅದು ಊದುಬತ್ತಿಗೂ ಕೂಗುತ್ತದೆ, ಅತ್ತೆ ಅದರ ಪ್ಲಗ್ಗು ಕಿತ್ತು ಫೋನು ಚಾರ್ಜಿಗೆ ಹಾಕುತ್ತಾರೆ. ಇವತ್ತು ಬರೆಯಲು ಕೂರುವ ಮೊದಲು ಫೋನ್ ಮಾಡಿದೆ. ವಾಸನೆ ಬಂತಾ ಎಂದು ಈಗ ಕೇಳುವುದಿಲ್ಲ. ನಾಬ್ ಮುಟ್ಟಿ ನೋಡಿದಿರಾ ಎಂದು ಕೇಳುತ್ತೇನೆ.

ಯಾರೋ ಹೇಳಿದರೆಂದು ಅತ್ತೆ ಎರಡು ತಿಂಗಳಿನಿಂದ ದಿನಾ ಬೆಳಿಗ್ಗೆ ಲವಂಗ ಮೂಸುತ್ತಿದ್ದಾರೆ. ಹೋದ ಭಾನುವಾರ ನಾನು ಪಕ್ಕದಲ್ಲಿ ಕೂತಿದ್ದಾಗ, ಕಣ್ಣು ಮುಚ್ಚಿಕೊಂಡು, “ಏನೋ ಇದೆ ಕಣೇ,” ಎಂದರು. ಲವಂಗವೇ ಇತ್ತೋ, ನನ್ನ ಸಮಾಧಾನಕ್ಕೆ ಹೇಳಿದರೋ ತಿಳಿಯಲಿಲ್ಲ. ಇನ್ನೊಂದು ಸಲ ಕೇಳಲು ಧೈರ್ಯ ಬರಲಿಲ್ಲ, ಬರೆದುಕೊಳ್ಳಲೂ ಇಲ್ಲ. ಹೀಗೆ ಹೋದ ವಾಸನೆ ತಿರುಗಿ ಬಂದವರು ನಿಮ್ಮಲ್ಲಿದ್ದರೆ, ಅಥವಾ ಬರದೆಯೇ ಒಲೆಯ ಮುಂದೆ ಬಾಳುತ್ತಿರುವವರಿದ್ದರೆ, ದಯವಿಟ್ಟು ಬರೆಯಿರಿ. ಮೊದಲು ಬಂದದ್ದು ಯಾವ ವಾಸನೆ, ಅದು ನಿಜವೆಂದು ನಿಮ್ಮ ಮನೆಯವರಿಗೆ ಹೇಗೆ ಗೊತ್ತಾಯಿತು?